ಅಲುಗಾಡದ ಮಕ್ಕಳು ಬೇಕಾಗಿದ್ದಾರೆ

ಏಪ್ರಿಲ್ ಬಂತು ಅಂದ್ರೆ ನಮ್ಮ ಕಲಬುರಗಿಯ ಮೇಲೆ ಸರ್ಕಾರಕ್ಕೆ ಎಲ್ಲಿಲ್ಲದ ಕರುಣೆ ಬರುತ್ತದೆ. ಬಿಸಿಲು ಜಾಸ್ತಿ ಅಂತ ಆಫೀಸಿನ ಟೈಮನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಇಳಿಸುತ್ತಾರೆ. ಫ್ಯಾನಿನ ಕೆಳಗೆ ಕೂತ ಸಾಹೇಬರ ತಲೆ ಕಾಯಬಾರದು, ಅಲ್ವಾ? ಅದೇ ಬಿಸಿಲಲ್ಲಿ, ರಜೆಗೆ ಇನ್ನೂ ನಾಲ್ಕು ದಿನ ಇರುವಾಗ, ಒಂದು ಶಾಲೆಯ ಅಂಗಳದಲ್ಲಿ ನಾಲ್ಕನೇ ತರಗತಿಯ ಪೋರನೊಬ್ಬ ನಿಂತಿದ್ದ. ಶಾಲೆಯ ಹೆಸರು ಬೇಡ, ಇಂಥವು ಓಣಿಗೊಂದಿವೆ. ಹುಡುಗ ಮಾಡಿದ ತಪ್ಪು ಏನಪ್ಪಾ ಅಂದ್ರೆ, ಗಂಟೆ ಹೊಡೆದಾಗ ಎರಡೂ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಕೂತದ್ದು.

ಗಂಟೆ ಅಂದ್ರೆ ಹಳೇ ಕಾಲದ ಹಿತ್ತಾಳೆ ಗಂಟೆ ಅಲ್ಲ. ಕಾರ್ಖಾನೆಯಲ್ಲಿ ಶಿಫ್ಟ್ ಬದಲಾಗುವಾಗ ಕೂಗುತ್ತಲ್ಲ, ಆ ಸೈರನ್. ಹುಡುಗನಿಗೆ ಆಟಿಸಂ ಇದೆ. ಇಂಥ ಬಹಳ ಮಕ್ಕಳಿಗೆ ನಮಗೆ ಬರೀ ಕಿರಿಕಿರಿ ಅನಿಸುವ ಸದ್ದು ಮೈಗೆ ಬಡಿದಷ್ಟೇ ನೋವು ಕೊಡುತ್ತದೆ. ಅವ್ವ ಡಾಕ್ಟರ ಕಾಗದ ತಂದು ಕೊಟ್ಟಿದ್ದಾಳೆ. ಕಾಗದ ಫೈಲಿನಲ್ಲಿ ಭದ್ರವಾಗಿದೆ. ಹುಡುಗ ಬಿಸಿಲಲ್ಲಿದ್ದಾನೆ.

ಈ ಶಾಲೆಯಲ್ಲಿ ಒಂದು ಶಿಸ್ತು ಸಮಿತಿ ಇದೆ. ಸಮಿತಿಯ ಹತ್ತಿರ ಒಂದು ರಿಜಿಸ್ಟರ್ ಇದೆ. ಕೆಂಪು ಬಟ್ಟೆಯ ರಟ್ಟು, ಒಳಗೆ ಕೆಂಪು ಇಂಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾಕ್ಟರು ಮಗುವಿನ ಜತೆ ಗಂಟೆಗಟ್ಟಲೆ ಕೂತು, ಅಪ್ಪ ಅವ್ವನನ್ನು ಕೇಳಿ, ಆಟ ಆಡಿಸಿ ಹೇಳುವುದನ್ನು ಇಲ್ಲಿ ಒಂದೇ ಸಾಲಲ್ಲಿ ಬರೆದು ಮುಗಿಸುತ್ತಾರೆ. ಈ ಹುಡುಗನ ಪುಟದಲ್ಲಿ ಹೀಗಿದೆ: 'ಪೆನ್ಸಿಲ್ ತಿರುಗಿಸುತ್ತಾನೆ. ಕರೆದರೆ ತಿರುಗುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ಸೊಕ್ಕು.' ಮುಂದಿನ ಪುಟದಲ್ಲಿ ಇನ್ನೊಬ್ಬಳು: 'ಬೈಯುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳೆ. ಸೊಕ್ಕು.' ಮಕ್ಕಳು ಎಲ್ಲಿ ನೋಡಬೇಕು ಅನ್ನುವುದರ ಬಗ್ಗೆ ಸಮಿತಿ ಇನ್ನೂ ಸುತ್ತೋಲೆ ಹೊರಡಿಸಿಲ್ಲ.

ಆ ಹುಡುಗಿಯ ಕಥೆ ಬೇರೆ. ತಾಂಡಾದ ಮಗು. ಅಪ್ಪ ಅವ್ವ ಗುಳೆ ಹೋಗಿ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದರು. ಅಪ್ಪ ಅಲ್ಲೇ ತೀರಿಕೊಂಡ, ಅದೂ ಇವಳ ಕಣ್ಣೆದುರಿಗೆ. ಈಗ ಅಜ್ಜಿಯ ಮನೆಯಲ್ಲಿದ್ದಾಳೆ. ಯಾರಾದರೂ ದನಿ ಏರಿಸಿದರೆ ಮೈ ಸೆಟೆದು ನಿಂತುಬಿಡುತ್ತಾಳೆ, ಬಾಯಿಂದ ಮಾತೇ ಹೊರಡುವುದಿಲ್ಲ. ಒಮ್ಮೆ ಅಂಥ ಭಯ ಕಂಡ ಮೈ ಆಮೇಲೂ ಕಾವಲು ಕಾಯುತ್ತಲೇ ಇರುತ್ತದೆ. ಬೈಯುತ್ತಿರುವುದು ಗಣಿತದ ಸರ್, ಇಲ್ಲಿ ಜೀವಕ್ಕೇನೂ ಅಪಾಯವಿಲ್ಲ ಅಂತ ಅದಕ್ಕೆ ಯಾರು ತಿಳಿಸಬೇಕು? ದನಿ ತಗ್ಗಿಸಿ, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ತಿಳಿಯುತ್ತದೆ. ಆದರೆ ಸಮಿತಿಗೆ ಪುರುಸೊತ್ತಿಲ್ಲ. 'ಮೊಂಡು' ಅಂತ ಬರೆದು ದನಿ ಇನ್ನೂ ಏರಿಸಿದರು. ಅವಳು ತರಗತಿಯಿಂದ ಓಡಿಹೋದಳು. ತರಗತಿ ತಪ್ಪಿಸಿದ್ದಕ್ಕೆ ಶಿಕ್ಷೆ ಏನು ಗೊತ್ತಾ? ಮೂರು ದಿನ ತರಗತಿಗೆ ಬರಬಾರದು.

ಅಜ್ಜಿಯನ್ನು ಕರೆಸಿದರು. ಪಾಪ, ಆಕೆ ಬಾಗಿಲಲ್ಲೇ ನಿಂತು ಕೈ ಮುಗಿದು, 'ಚರ್ಮ ನಿಮ್ದು, ಎಲುಬು ನಮ್ದು, ಹೊಡದು ಕಲಸ್ರೀ ಸರ್' ಅಂದಳಂತೆ. ಸರ್‌ಗೆ ಆನಂದವೋ ಆನಂದ. 'ನೋಡ್ರೀ, ಪಾಲಕರ ಸಹಕಾರ ಅಂದ್ರ ಹಿಂಗಿರಬೇಕು.'

ನಮ್ಮ ಕಡೆ ಹಳೇ ಮಾತೊಂದಿದೆ, ಛಡಿ ಛಂ ಛಂ, ವಿದ್ಯಾ ಘಂ ಘಂ. ಛಡಿಯಿಂದಲೇ ವಿದ್ಯೆ ಬರುವುದಾಗಿದ್ದರೆ ಇಷ್ಟು ಹೊತ್ತಿಗೆ ದಕ್ಷಿಣ ಕನ್ನಡದವರು ತರಬೇತಿಗೆ ನಮ್ಮ ಜಿಲ್ಲೆಗೆ ಬಸ್ಸು ಹತ್ತಬೇಕಿತ್ತು. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ಅವರು ಮೊದಲು, ನಾವು ಕೊನೆ. ಛಂ ಛಂ ಇನ್ನೂ ಸಾಲುತ್ತಿಲ್ಲ ಅನ್ನುವವರೂ ಇದ್ದಾರೆ ಬಿಡಿ.

ಕಾನೂನು ಇಲ್ವಾ ಅಂತೀರಾ? ಬೇಕಾದಷ್ಟಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಓದಿ. ಮಗುವನ್ನು ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತಿಲ್ಲ. ಮಜಾ ಏನು ಅಂದ್ರೆ, ಆ ಸೆಕ್ಷನ್ನಿನಲ್ಲಿ ಶಿಸ್ತು ಕ್ರಮ ಅನ್ನುವ ಮಾತು ಇದ್ದೇ ಇದೆ, ಆದರೆ ಅದು ಹೊಡೆದವರ ಮೇಲೆ! ನಮ್ಮ ಸಮಿತಿಯವರು ಸೆಕ್ಷನ್ನನ್ನು ತಲೆಕೆಳಗೆ ಹಿಡಿದು ಓದಿದ್ದಾರೇನೋ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಓದು ಬರಹದ ತೊಡಕೂ ಇದೆ. ಅಂಥ ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡುವುದು ಶಾಲೆಯ ಕರ್ತವ್ಯ ಅಂತಲೂ ಬರೆದಿದೆ. ಎಡಿಎಚ್‌ಡಿಯ ಹೆಸರು ಮಾತ್ರ ಪ್ರತ್ಯೇಕವಾಗಿ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಒಂದು ಕಡೆ ಕೂರಲಾಗದ ಮಗುವಿಗೆ ಸದ್ಯಕ್ಕೆ ಕೆಂಪು ಇಂಕೇ ಗತಿ.

ಇನ್ನು ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಛೇ, ಹೊರಹಾಕುವವರು ಯಾರು? ಪ್ರಿನ್ಸಿಪಾಲರು ಅವ್ವನನ್ನು ಕೂಡಿಸಿ, ಚಹಾ ಕೊಟ್ಟು, 'ನಿಮ್ಮ ಹುಡುಗನ ಒಳ್ಳೇದಕ್ಕ ಹೇಳ್ತೀನ್ರೀ, ಇಂಥವರಿಗೆ ಬ್ಯಾರೆ ಸಾಲಿ ಚೊಲೋ' ಅನ್ನುತ್ತಾರೆ. ಟಿ.ಸಿ. ಅರ್ಜಿ ಮೊದಲೇ ಟೈಪಾಗಿರುತ್ತದೆ, ಸಹಿ ಒಂದು ಬೇಕು. 'ಪಾಲಕರ ಸ್ವಇಚ್ಛೆಯಿಂದ' ಅಂತ. ಆ 'ಬ್ಯಾರೆ ಸಾಲಿ' ಎಲ್ಲಿದೆ ಅಂತ ಕೇಳಿದರೆ ಚಹಾ ಮುಗಿದಿರುತ್ತದೆ.

ಅನುಕೂಲ ಮಾಡಿಕೊಡಲು ಬಜೆಟ್ ಇಲ್ಲವಂತೆ. ಬೇಕಾಗಿರುವುದು ಏನು? ಸೈರನ್ ಸದ್ದು ಸ್ವಲ್ಪ ಇಳಿಸುವುದು. ಲೈಬ್ರರಿಯ ಮೂಲೆಯಲ್ಲಿ ಒಂದು ಚಾಪೆ, ತಲೆ ಕೆಟ್ಟಾಗ ಹತ್ತು ನಿಮಿಷ ಹೋಗಿ ಕೂರಲಿಕ್ಕೆ. ಎದ್ದು ಓಡಾಡದೆ ಇರಲಾರದ ಹುಡುಗನ ಕೈಗೆ ಬೋರ್ಡ್ ಒರೆಸುವ ಕೆಲಸ. ಓಡಿಹೋದ ಹುಡುಗಿಗೆ ಭರವಸೆಯ ಟೀಚರ್ ಒಬ್ಬರು, 'ಏನಾಯ್ತವ್ವಾ' ಅಂತ ಮೆಲ್ಲಗೆ ಕೇಳುವವರು. ಯಾರನ್ನೋ ತಳ್ಳಿದ್ದರೆ, ಮನಸ್ಸು ತಣ್ಣಗಾದ ಮೇಲೆ ಅದನ್ನು ಸರಿಮಾಡುವುದು ಹೇಗೆ ಅಂತ ಕೂತು ಮಾತಾಡುವುದು. ಒಟ್ಟು ಖರ್ಚು ಒಂದು ಚಾಪೆ. ಸಿಸಿಟಿವಿ ಕ್ಯಾಮೆರಾಗಳಿಗೆ ಮಾತ್ರ ಬಜೆಟ್ ಇತ್ತು. ಯಾರು ಅಲುಗಾಡಿದರು ಅಂತ ಈಗ ನಾಲ್ಕೂ ದಿಕ್ಕಿನಿಂದ ಕಾಣುತ್ತದೆ.

ಆ ಕ್ಯಾಮೆರಾದಲ್ಲೇ ಸಮಿತಿಗೆ ಒಂದು ಭಾರೀ ಸಂಚು ಸಿಕ್ಕಿತು. ಇತ್ತೀಚೆಗೆ ಹುಡುಗ ಗಂಟೆಗೆ ಬೆಚ್ಚುತ್ತಿಲ್ಲ. ಸೈರನ್ ಕೂಗುವ ಮುಂಚೆಯೇ ಕಿವಿಗೆ ಹತ್ತಿ ಇಟ್ಟುಕೊಂಡು ಆರಾಮಾಗಿ ಕೂತಿರುತ್ತಾನೆ. ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿ ನೋಡಿದರೆ, ಕಸ ಗುಡಿಸುವ ಆಯಾ ಕಿಟಕಿಯ ಹತ್ತಿರ ಬಂದು ಬೆರಳಿನ ಸನ್ನೆ ಮಾಡಿ ಹೋಗುತ್ತಾಳೆ, ಇನ್ನೇನು ಗಂಟೆ ಆಗುತ್ತೆ ಅಂತ. ಹತ್ತಿಯನ್ನು ಕೊಟ್ಟವಳೂ ಅವಳೇ.

ಸಮಿತಿ ತುರ್ತಾಗಿ ಸಭೆ ಸೇರಿತು. ಗಂಟೆಯ ಮಾಹಿತಿ ಸೋರಿಕೆ ಮಾಡಿದ ಆರೋಪದ ಮೇಲೆ ಆಯಾಗೆ ನೋಟಿಸು ಕೊಟ್ಟು, ಲಿಖಿತ ಉತ್ತರ ಕೇಳಿದರು. ಆಕೆಗೆ ಬರೆಯಲು ಬರುವುದಿಲ್ಲ, ಹಾಗಾಗಿ ಪೊರಕೆ ಬಾಗಿಲಿಗೆ ಒರಗಿಸಿ ಒಳಗೆ ಬಂದು ಬಾಯಲ್ಲೇ ಹೇಳಿದಳು: 'ಗಂಟಿ ಯಾವಾಗ ಹೊಡೀತದಂತ ನೀವೇ ಗ್ವಾಡಿ ಮ್ಯಾಲ ಬರ್ಸೀರಲ್ರೀ ಸರ್?'