ಫೀಲ್ ಬಂತಾ ಸರ್?

ಈ ಭಾನುವಾರ ಬೆಳಿಗ್ಗೆ ಏಳೂಕಾಲಕ್ಕೆ ಗಾಲ್ಫ್ ಅಭ್ಯಾಸದ ರೇಂಜಿನಲ್ಲಿ ನಾನು ಬೀಸಿದ ಒಂದೇ ಏಟಿಗೆ ಚೆಂಡು ಐದು ಹೆಜ್ಜೆ ಉರುಳಿತು, ಟವೆಲ್ ಹದಿನೈದು ಹೆಜ್ಜೆ ಹಾರಿತು. ಟವೆಲ್ ಅಲ್ಲಿಗೇಕೆ ಬಂತು ಎಂದು ಕೇಳುವವರು ಈ ಆಟದ ತರಬೇತಿಗೆ ಇನ್ನೂ ಹಣ ಕಟ್ಟದ ಪುಣ್ಯವಂತರು. ಬೀಸುವಾಗ ಎಡತೋಳು ಎದೆಯಿಂದ ದೂರ ಸರಿಯದೆ ಮೈಯೊಂದಿಗೇ ತಿರುಗಬೇಕೆಂಬ ಕಾರಣಕ್ಕೆ, ಕಂಕುಳಲ್ಲಿ ಟವೆಲ್ ಸಿಕ್ಕಿಸಿಕೊಂಡು ಅದು ಬೀಳದಂತೆ ಚೆಂಡು ಹೊಡೆಯುವುದು ಗಾಲ್ಫಿನ ಪ್ರಸಿದ್ಧ ಡ್ರಿಲ್‌ಗಳಲ್ಲಿ ಒಂದು. ನನ್ನದು ಬಂಧುವೊಬ್ಬರ ಷಷ್ಟ್ಯಬ್ದಿಯಲ್ಲಿ ತಾಂಬೂಲದ ಜೊತೆ ಕೊಟ್ಟ ಕೆಂಪಂಚಿನ ಟವೆಲ್. ಅದು ಕಂಕುಳಿನಿಂದ ಜಾರಿ, ಇಳಿಯುತ್ತಿದ್ದ ಸೆವೆನ್ ಐರನ್ ಎಂಬ ಕೋಲಿಗೆ ಸುತ್ತಿಕೊಂಡು, ಚೆಂಡಿನ ನೆತ್ತಿ ಸವರಿದ ಕ್ಲಬ್ ಮತ್ತೆ ಮೇಲೇರುವಾಗ ಬಿಡಿಸಿಕೊಂಡು, ಯಾರಿಗೋ ಸನ್ಮಾನ ಮಾಡಲು ಹೊರಟಂತೆ ಗಾಳಿಯಲ್ಲಿ ಅಗಲವಾಗಿ ಬಿಚ್ಚಿಕೊಂಡು ಹುಲ್ಲಿನ ಮೇಲೆ ಇಳಿಯಿತು. ರಾತ್ರಿ ಮಳೆ ಬಂದಿದ್ದರಿಂದ ಅಲ್ಲಿ ಹುಲ್ಲಿಗಿಂತ ಕೆಸರೇ ಹೆಚ್ಚಾಗಿತ್ತು. ಚೆಂಡು ಹೆಕ್ಕುವ ಗಾಡಿಯ ಹುಡುಗ ಅದನ್ನು ತಂದುಕೊಟ್ಟು, ನಗದೆ, "ಸರ್, ಇದನ್ನೂ ಬಕೆಟ್ಟಿಗೆ ಹಾಕ್ಲಾ?" ಎಂದು ಕೇಳಿದ. ಅವನು ನಕ್ಕುಬಿಟ್ಟಿದ್ದರೆ ನನಗೆ ಇಷ್ಟು ಕೋಪ ಬರುತ್ತಿರಲಿಲ್ಲ.

ಅಷ್ಟರಲ್ಲಿ ಬೆನ್ನ ಹಿಂದಿನಿಂದ ಆ ಪ್ರಶ್ನೆ ಬಂತು: "ಫೀಲ್ ಬಂತಾ ಸರ್?"

ನನ್ನ ಕೋಚ್ ವಯಸ್ಸಿನಲ್ಲಿ ನನ್ನ ಮಗನಿಗಿಂತ ಎರಡು ವರ್ಷ ದೊಡ್ಡವರು. ಗುರುಸ್ಥಾನದಲ್ಲಿ ಇರುವುದರಿಂದ ಬಹುವಚನ. ಅವರು ತಾಳ್ಮೆಯ ಮನುಷ್ಯರು, ಸಮಯಕ್ಕೆ ಸರಿಯಾಗಿ ಬರುವವರು, ಎಂದೂ ದನಿ ಎತ್ತಿದವರಲ್ಲ. ಆದರೆ ಚೆಂಡು ಎಡಕ್ಕೆ ಹೋಗಲಿ, ಬಲಕ್ಕೆ ಹೋಗಲಿ, ಹೋಗದೆಯೇ ಇರಲಿ, ಪ್ರತಿ ಏಟಿನ ನಂತರ ತಲೆಯನ್ನು ತುಸು ಓರೆ ಮಾಡಿ, "ಫೀಲ್ ಬಂತಾ ಸರ್?" ಎಂದು ಕೇಳುವ ಅಭ್ಯಾಸ ಅವರಿಗಿದೆ. ಒಂದು ಬಕೆಟ್ಟಿನಲ್ಲಿ 50 ಚೆಂಡು; ಆದ್ದರಿಂದ ಒಂದು ಬೆಳಗಿಗೆ 50 ಪ್ರಶ್ನೆ. ನಮ್ಮೂರ ಜಾತ್ರೆಯಲ್ಲಿ ಮೈಮೇಲೆ ದೇವರು ಬರುವ ಪೂಜಾರಪ್ಪನ ಸುತ್ತ ಊರ ಹಿರಿಯರು ನಿಂತು, ಅವನ ರೆಪ್ಪೆ ಅಲುಗಿದಾಗಲೆಲ್ಲ "ಬಂತಾ? ಬಂತಾ?" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದುದು ನನಗೆ ನೆನಪಾಗುತ್ತದೆ. ಪೂಜಾರಪ್ಪನಿಗಾದರೂ ತಮಟೆಯ ಸಹಾಯವಿತ್ತು. ನನಗೆ ಇರುವುದು ಪಕ್ಕದ ಅಂಕಣದಲ್ಲಿ ಒಂದು ಕಿವಿಗೆ ಹಾಡು ಸಿಕ್ಕಿಸಿಕೊಂಡು, ಆಕಳಿಸುತ್ತ, ಇನ್ನೂರು ಗಜ ದೂರದ ಫಲಕಕ್ಕೆ ಚೆಂಡು ತಾಗಿಸುವ ಒಂಬತ್ತನೇ ತರಗತಿಯ ಹುಡುಗಿ ಮಾತ್ರ.

ಮೊದಲ ವಾರ ನಾನು ಪ್ರಾಮಾಣಿಕವಾಗಿ "ಇಲ್ಲ" ಎನ್ನುತ್ತಿದ್ದೆ. ಆಗ ಕೋಚ್ ಹೊಸದೊಂದು ಉಪಮಾನ ಹುಡುಕುತ್ತಿದ್ದರು. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಸೊಂಟದಿಂದ ಕಾರಿನ ಬಾಗಿಲು ತಳ್ಳಿದಂತೆ ಅನ್ನಿಸಬೇಕು ಎಂದರು. ಬಕೆಟ್ ನೀರನ್ನು ಅಂಗಳಕ್ಕೆ ಎರಚಿದಂತೆ ಅನ್ನಿಸಬೇಕು ಎಂದರು. ಕ್ಲಬ್ಬನ್ನು ಹಕ್ಕಿಮರಿ ಹಿಡಿದಷ್ಟು ಮೃದುವಾಗಿ ಹಿಡಿಯಬೇಕು ಎಂದರು; ಹಾಗೆ ಹಿಡಿದಾಗ ಹಕ್ಕಿ ಹಾರಿಹೋಗಿ ಹುಡುಗಿಯ ಬಕೆಟ್ಟಿಗೆ ತಗುಲಿತು. ಪ್ಯಾಂಟಿನ ಬಲಗಡೆಯ ಹಿಂದಿನ ಜೇಬನ್ನು ಯಾರೋ ಹಿಂದಕ್ಕೆ ಎಳೆದಂತೆ ಅನ್ನಿಸಬೇಕು ಎಂದಾಗ ಮಾತ್ರ ನನಗೆ ತಕ್ಷಣ ಅರ್ಥವಾಯಿತು, ಏಕೆಂದರೆ ಮೆಜೆಸ್ಟಿಕ್‌ನಿಂದ ಹೊರಟ ಬಸ್ಸುಗಳಲ್ಲಿ ನಾನು ಈ ಫೀಲನ್ನು ಎರಡು ಬಾರಿ ಅನುಭವಿಸಿದ್ದೆ, ಒಂದು ಸಲ ಸಂಬಳದ ದಿನವೇ. ಉಪಮಾನಗಳ ಪಟ್ಟಿ ಮುಗಿಯುವ ಲಕ್ಷಣ ಕಾಣದಿದ್ದಾಗ ನಾನು ಹಲ್ಲಿನ ಡಾಕ್ಟರಿಗೆ ಹೇಳುವಂತೆ "ಸ್ವಲ್ಪ ಬಂದಂಗಿತ್ತು" ಎನ್ನಲು ಆರಂಭಿಸಿದೆ. ಅವರ ಮುಖದಲ್ಲಿ ಆಗ ಮೂಡುವ ಸಂತೋಷ ನೋಡಿದರೆ ಯಾರಿಗಾದರೂ ಸುಳ್ಳು ಹೇಳುವ ಮನಸ್ಸಾಗುತ್ತದೆ.

ನನ್ನ ಸಿಟ್ಟಿಗೆ ನಿಜವಾದ ಕಾರಣ ಮಾತ್ರ ಬೇರೆಯೇ ಇದೆ. ಶನಿವಾರ ಫೀಲ್ ಬಂದಿತ್ತು. ಸುಳ್ಳಲ್ಲ. ಬಕೆಟ್ಟಿನ ಕೊನೆಯ ಏಳು ಚೆಂಡುಗಳು ಒಂದರ ಹಿಂದೊಂದು, ದಾರ ಹಿಡಿದು ಎಳೆದಂತೆ ನೇರವಾಗಿ ಹೋದವು. ಹೊಡೆದದ್ದು ಕೈಗೆ ಗೊತ್ತೇ ಆಗಲಿಲ್ಲ, ಬೆಣ್ಣೆಯಲ್ಲಿ ಬೆರಳು ಎಳೆದಂತಿತ್ತು. ಆ ಫೀಲ್ ಚೆಲ್ಲಿಹೋಗಬಾರದೆಂದು ನಾನು ತುಂಬಿದ ಕೊಡ ಹೊತ್ತವನಂತೆ ಮನೆಗೆ ಬಂದೆ, ಭಾರ ಎತ್ತಲಿಲ್ಲ, ಹೆಂಡತಿ ಕೊಬ್ಬರಿ ತುರಿಯಲು ಹೇಳಿದಾಗ ಮಣಿಕಟ್ಟಿನ ಹಿತದೃಷ್ಟಿಯಿಂದ ನಿರಾಕರಿಸಿದೆ, ರಾತ್ರಿ ಒಂದೇ ಮಗ್ಗುಲಲ್ಲಿ ಮಲಗಿದೆ. ಭಾನುವಾರ ಅದೇ ಬೂಟು, ಅದೇ ಟೋಪಿ, ಅದೇ ಅಂಕಣ. ಮೊದಲ ಚೆಂಡಿನಿಂದಲೇ ಫೀಲ್ ಇರಲಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವನು ನಾನು. ಶನಿವಾರ ಜಮಾ ಮಾಡಿದ್ದು ಭಾನುವಾರ ಖಾತೆಯಲ್ಲಿ ಕಾಣದಿದ್ದರೆ ಗ್ರಾಹಕರು ಎಷ್ಟು ಕೂಗಾಡುತ್ತಾರೆಂದು ಬಲ್ಲೆ. ನಾನು ಯಾರ ಮುಂದೆ ಕೂಗಾಡಲಿ?

ಕೋಚ್ ಸಮಾಧಾನವಾಗಿ ಹೇಳಿದ್ದು, ಫೀಲ್ ಬೇರೆ, ನಿಜ ಬೇರೆ ಎಂದು. ಅದನ್ನು ಸಾಬೀತು ಮಾಡಲು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದರು. ನನಗೆ ಅನ್ನಿಸಿದ್ದ ಪ್ರಕಾರ ನಾನು ಕ್ಲಬ್ಬನ್ನು ಹದವಾಗಿ ಮೇಲೆತ್ತಿ, ಸೊಂಟ ತಿರುಗಿಸಿ, ಕೊನೆಯಲ್ಲಿ ಪಾರಿತೋಷಕದ ಮೇಲಿನ ಗೊಂಬೆಯಂತೆ ನಿಂತಿದ್ದೆ. ಪರದೆಯ ಮೇಲೆ ಕಂಡವನು, ಬಚ್ಚಲುಮನೆಯಲ್ಲಿ ಜಿರಳೆ ಕಂಡು ಪೊರಕೆ ಎತ್ತಿ, ಅದು ತಪ್ಪಿಸಿಕೊಂಡದ್ದು ಅರ್ಧ ದಾರಿಯಲ್ಲಿ ತಿಳಿದ ಮನುಷ್ಯ. ಹಳೆಯ ತಪ್ಪನ್ನು ಮೈ ಸರಿಯೆಂದೇ ನಂಬಿರುವುದರಿಂದ ತಿದ್ದುಪಡಿಯನ್ನು ಅತಿರೇಕ ಎನ್ನಿಸುವಷ್ಟು ಮಾಡಬೇಕಂತೆ. ನೂರು ರೂಪಾಯಿಯಷ್ಟು ಅನ್ನಿಸಿದರೆ ಹತ್ತು ರೂಪಾಯಿಯಷ್ಟು ಆಗುತ್ತದಂತೆ. ಇಷ್ಟು ಕೆಟ್ಟ ವಿನಿಮಯ ದರವನ್ನು ನಾನು ಸೇವಾವಧಿಯಲ್ಲಿ ಕಂಡಿಲ್ಲ.

ಈ ಗೋಳಿಗೆ ನಾನು ಬಿದ್ದದ್ದು 2021ರ ಆಗಸ್ಟ್ 7ರಂದು. ಟೋಕಿಯೊ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾರೆಂದು ತಿಳಿದು, ಬರ್ಡಿ ಎಂದರೆ ನಿಗದಿಗಿಂತ ಒಂದು ಹೊಡೆತ ಕಡಿಮೆ ಎಂದು ಗೊತ್ತಿಲ್ಲದೆ ಹಕ್ಕಿಯೆಂದೇ ತಿಳಿದಿದ್ದ ನಮ್ಮಂಥವರೆಲ್ಲ ಬೆಳ್ಳಂಬೆಳಗ್ಗೆ ಎದ್ದು ಟಿವಿ ಮುಂದೆ ಕುಳಿತ ದಿನ ಅದು. ತಾಯಿಯೇ ಅವರ ಗಾಲ್ಫ್ ಚೀಲ ಹೊತ್ತು ಜೊತೆಗೆ ನಡೆದಿದ್ದರು. ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂದಾಗ ನನ್ನ ಕಣ್ಣು ಒದ್ದೆಯಾಯಿತು. ಒದ್ದೆ ಕಣ್ಣಿನಲ್ಲಿ ಮನುಷ್ಯ ಯಾವ ನಿರ್ಧಾರವನ್ನೂ ಕೈಗೊಳ್ಳಬಾರದು. ಸ್ಯಾಂಕಿ ರಸ್ತೆಯ ಬೇಲಿಯಾಚೆ 1876ರಿಂದಲೂ ಗಾಲ್ಫ್ ಆಡುತ್ತಿದ್ದಾರೆ, ನಾನು ಮೂವತ್ತು ವರ್ಷ ಅದನ್ನು ಬಸ್ಸಿನ ಕಿಟಕಿಯಿಂದ ನೋಡಿ ಸುಖವಾಗಿದ್ದೆ. ಈ ಆಟದಲ್ಲಿ ಹೊಡೆಯುವ ಕೋಲಿಗೂ ಕ್ಲಬ್ ಎನ್ನುತ್ತಾರೆ, ಸದಸ್ಯತ್ವ ಸಿಗದ ಜಾಗಕ್ಕೂ ಕ್ಲಬ್ ಎನ್ನುತ್ತಾರೆ. ನನ್ನ ಕೈಗೆ ಬಂದದ್ದು ಮೊದಲನೆಯದು ಮಾತ್ರ.

ಕೈಗೆ ಬಂದ ಮೇಲೆ ತಿಳಿಯಿತು, ಇದು ಸಾಮಾನ್ಯ ಬುದ್ಧಿಯನ್ನು ತಲೆಕೆಳಗು ಮಾಡುವ ಆಟವೆಂದು. ನನ್ನ ಚೆಂಡು ಬಲಕ್ಕೆ ಬಾಗಿ ಹೋಗುವ ರೋಗದ್ದು. ಅದಕ್ಕೆ ಸ್ಲೈಸ್ ಎಂದು ಹೆಸರು. ಬಲಕ್ಕೆ ಹೋಗುತ್ತದೆಂದು ಎಡಕ್ಕೆ ಗುರಿಯಿಟ್ಟರೆ ಬೀಸು ಇನ್ನಷ್ಟು ಹೊರಗಿನಿಂದ ಒಳಕ್ಕೆ ಕತ್ತರಿಸುತ್ತದೆ, ಚೆಂಡು ಇನ್ನಷ್ಟು ಬಲಕ್ಕೆ ಬಾಗುತ್ತದೆ. ಕ್ಲಬ್ಬಿಗೂ ಚೆಂಡಿಗೂ ಆಗುವ ಭೇಟಿ ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ. ಈ ಭೇಟಿಗಾಗಿ ನಾನು ಪಾದ ಜೋಡಿಸಿ ಹೊಡೆಯುವ ಡ್ರಿಲ್, ಅರ್ಧ ಬೀಸಿನ ಡ್ರಿಲ್, ಚೆಂಡಿನ ಆಚೆ ಕ್ಲಬ್ಬಿನ ಟೊಪ್ಪಿಗೆ ಇಟ್ಟು ಅದಕ್ಕೆ ತಾಗದಂತೆ ಹೊಡೆಯುವ ಡ್ರಿಲ್, ಎಲ್ಲವನ್ನೂ ಮಾಡಿದ್ದೇನೆ. ಬ್ಯಾಂಕಿನ ಜೆರಾಕ್ಸ್ ಯಂತ್ರದ ಮುಂದೆ ಕಾಯುವಾಗ ಸೊಂಟ ತಿರುಗಿಸುವುದನ್ನು ಕಂಡು, ನಮ್ಮ ಶಾಖೆಯ ಅಟೆಂಡರ್ ತನಗೆ ಗೊತ್ತಿರುವ ನಾಟಿವೈದ್ಯರ ವಿಳಾಸ ಕೊಟ್ಟಿದ್ದಾನೆ.

ಬೀಸಿನ ತುದಿಯಲ್ಲಿ ಒಂದು ಕ್ಷಣ ನಿಲ್ಲಿಸುವ ಡ್ರಿಲ್ಲನ್ನು ಮನೆಯ ಹಿಂದಿನ ವರಾಂಡದಲ್ಲಿ ಮಾಡಿದಾಗ, ಬಟ್ಟೆ ಒಣಹಾಕಲು ಸೂರಿಗೆ ತೂಗುಬಿಟ್ಟಿರುವ ಕೊಳವೆಗಳ ರಾಟೆಹಗ್ಗಕ್ಕೆ ಕ್ಲಬ್ಬಿನ ತಲೆ ಸಿಕ್ಕಿಕೊಂಡಿತು. ಎಳೆದರೆ ಮೂರು ಸೀರೆಗಳ ಸಮೇತ ಕೊಳವೆ ಬೀಳುವಂತಿತ್ತು, ಬಿಟ್ಟರೆ ಕ್ಲಬ್ ತಲೆಯ ಮೇಲೆ ಬೀಳುವಂತಿತ್ತು. ಹಾಗೆಯೇ ನಿಂತು ಕೂಗಿದೆ. ಹೆಂಡತಿ ಸ್ಟವ್ ಆರಿಸಿ, ಕೈ ಒರೆಸಿಕೊಂಡು, ನಿಧಾನವಾಗಿ ಬಂದು ನೋಡಿ, "ನಿಲ್ಲಿಸೋ ಡ್ರಿಲ್ ಅಂದ್ರಲ್ಲ ರೀ, ಚೆನ್ನಾಗೇ ನಿಲ್ಲಿಸಿದೀರ" ಎಂದಳು.

ಸ್ವಿಂಗ್ ಚೆಂದ ಇರಲೇಬೇಕೆಂದೂ ಇಲ್ಲ, ಇದು ಇನ್ನೊಂದು ಹೊಟ್ಟೆಯುರಿ. ಅಮೆರಿಕದ ಗಾಲ್ಫ್ ಆಟಗಾರ ಜಿಮ್ ಫ್ಯೂರಿಕ್ ಅವರ ಬೀಸು ಮೇಲೆ ಹೋಗಿ ಗಂಟು ಹಾಕಿಕೊಂಡು ಬೇರೊಂದು ದಾರಿಯಲ್ಲಿ ಇಳಿಯುತ್ತದೆ. ಯಾವ ಕೋಚೂ ಅದನ್ನು ಕಲಿಸಲಾರರು. ಅವರು 2016ರಲ್ಲಿ ಅಲ್ಲಿನ ವೃತ್ತಿಪರರ ಪಂದ್ಯಸರಣಿಯಾದ ಪಿಜಿಎ ಟೂರಿನ ಒಂದು ಸುತ್ತನ್ನು 58 ಹೊಡೆತಗಳಲ್ಲಿ ಮುಗಿಸಿದರು, ಆ ಟೂರಿನಲ್ಲಿ ಅದಕ್ಕಿಂತ ಕಡಿಮೆ ಹೊಡೆತಗಳ ಸುತ್ತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಗಂಟು ಹಾಕಿಕೊಳ್ಳುವುದರಲ್ಲಿ ನಾನೇನು ಕಡಿಮೆಯಿಲ್ಲ. ಆದರೆ ಅವರ ಗಂಟು ಪ್ರತಿ ಸಲವೂ ಅದೇ ಗಂಟು, ನನ್ನದು ದಿನಕ್ಕೊಂದು.

ಟವೆಲ್ ಹಾರಿದ ಮೇಲೆ ಕೋಚ್ ಆ ಟವೆಲನ್ನೇ ಕೈಗಿತ್ತು ಮನೆಪಾಠ ಕೊಟ್ಟರು. ತುದಿಗೆ ಗಂಟು ಹಾಕಿ, ನೀರಿನಲ್ಲಿ ನೆನೆಸಿ, ಕ್ಲಬ್ಬಿನಂತೆ ಬೀಸಬೇಕು. ಕೈ ಅವಸರ ಮಾಡಿದರೆ ಟವೆಲ್ ಮುದುಡಿಕೊಳ್ಳುತ್ತದೆ, ಹದ ಸಿಕ್ಕರೆ "ಸುಂಯ್" ಎಂಬ ಸದ್ದು ಚೆಂಡು ಇರುವ ಜಾಗದಲ್ಲಿ ಬರುತ್ತದೆ. ಮಧ್ಯಾಹ್ನ ಹಿತ್ತಲಿನಲ್ಲಿ ಬೀಸಿದೆ. ಸದ್ದು ಪ್ರತಿ ಸಲವೂ ಕಿವಿಯ ಪಕ್ಕದಲ್ಲೇ ಬಂದು, ಕೆಳಗೆ ಬರುವಷ್ಟರಲ್ಲಿ ಸತ್ತುಹೋಗುತ್ತಿತ್ತು, ನೀರು ಮಾತ್ರ ಕನ್ನಡಕಕ್ಕೆ ಎರಚುತ್ತಿತ್ತು.

ಅಡುಗೆಮನೆಯ ಮೆಟ್ಟಿಲ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ಹತ್ತು ನಿಮಿಷ ನೋಡಿದರು. ಅವರಿಗೆ 78 ವರ್ಷ. "ಏನೋ ಅದು, ಬಟ್ಟೆ ಒಗೀತಿದೀಯೋ, ದೃಷ್ಟಿ ತೆಗೀತಿದೀಯೋ? ಕೊಡಿಲ್ಲಿ" ಎಂದು ಎದ್ದು ಬಂದರು. ನಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ, ವಾಷಿಂಗ್ ಮಷೀನ್ ಬಂದಾಗಿನಿಂದ, ದೊಡ್ಡಪತ್ರೆಯ ಕುಂಡಗಳು ಕೂತಿವೆ. ಅವರು ಎರಡು ಕುಂಡಗಳನ್ನು ಪಕ್ಕಕ್ಕೆ ಸರಿಸಿ, ಸೆರಗು ಸಿಕ್ಕಿಸಿ, ಪಾದಗಳನ್ನು ಎಷ್ಟು ಅಗಲಿಸಬೇಕೋ ಅಷ್ಟೇ ಅಗಲಿಸಿ ನಿಂತರು. ಟವೆಲ್ ಬಲಭುಜದ ಮೇಲಿಂದ ಹಿಂದಕ್ಕೆ ಹೋಯಿತು, ನಿಧಾನವಾಗಿ. ಪೂರ್ತಿ ಹಿಂದೆ ಚಾಚಿಕೊಳ್ಳುವವರೆಗೆ ಅವರು ಕಾದರು. ಅದು ಇನ್ನೂ ಹಿಂದೆಯೇ ಇರುವಾಗ ಎಡಗಾಲಿಗೆ ಭಾರ ಬಂತು, ಸೊಂಟ ತಿರುಗಿತು, ತೋಳು ಆಮೇಲೆ, ಮಣಿಕಟ್ಟು ಎಲ್ಲಕ್ಕಿಂತ ಕೊನೆಗೆ. ಕಲ್ಲಿನ ಮೇಲೆ "ಛಟ್" ಎಂದಿತು. ಸದ್ದು ಬೇರೆಲ್ಲೂ ಇರಲಿಲ್ಲ, ಕಲ್ಲಿನ ಮೇಲೆ ಮಾತ್ರ ಇತ್ತು.

ಪರಿಣತರ ಬೀಸಿನಲ್ಲಿ ಮೇಲೇರಲು ಹಿಡಿಯುವ ಸಮಯ ಇಳಿಯಲು ಹಿಡಿಯುವುದರ ಸುಮಾರು ಮೂರು ಪಟ್ಟು ಇರುತ್ತದೆಂದು, ಈ ಲಯಕ್ಕೆ ಟೆಂಪೋ ಎನ್ನುತ್ತಾರೆಂದು ಕೋಚ್ ನನಗೆ ಮೂರು ತಿಂಗಳಿಂದ ಎಣಿಸಿ ಎಣಿಸಿ ಹೇಳುತ್ತಿದ್ದಾರೆ. ಅಮ್ಮನಿಗೆ ಯಾರೂ ಎಣಿಸಿರಲಿಲ್ಲ. ಇನ್ನೆರಡು ಸಲ ಹೊಡೆಯುವಂತೆ ಕೇಳಿಕೊಂಡು ವಿಡಿಯೊ ತೆಗೆದೆ. ಮೂರೂ ಬೀಸುಗಳು ಒಂದರ ಮೇಲೊಂದು ಇಟ್ಟ ಹಾಗಿದ್ದವು. ನನಗೆ ತಡೆಯಲಾಗಲಿಲ್ಲ. "ಅಮ್ಮ, ಹೊಡೆಯುವಾಗ ಹೇಗೆ ಫೀಲ್ ಆಗುತ್ತೆ?" ಎಂದು ಕೇಳಿಯೇಬಿಟ್ಟೆ.

"ಫೀಲೇನು ಬಂತು? ಕೊಳೆ ಹೋಗ್ಬೇಕು" ಎಂದರು.

ನಾಲ್ಕು ಮಕ್ಕಳ ಯೂನಿಫಾರಂ, ಅಪ್ಪನ ಪಂಚೆಗಳು, ಚಳಿಗಾಲದ ದುಪ್ಪಟಿಗಳು ಆ ಕಲ್ಲಿನ ಮೇಲೆ ಬಿದ್ದ ಸದ್ದಿಗೆ ನಾವು ಎಷ್ಟೋ ಬೆಳಗುಗಳಲ್ಲಿ ಎದ್ದಿದ್ದೆವು. ಪಂಚೆಯ ಸದ್ದು ಅಗಲ, ಯೂನಿಫಾರಮ್ಮಿನ ಸದ್ದು ಚಿಕ್ಕದು. ಹಾಸಿಗೆಯಲ್ಲಿ ಮಲಗಿಯೇ ಇನ್ನೆಷ್ಟು ಬಟ್ಟೆ ಉಳಿದಿವೆ, ಇನ್ನೆಷ್ಟು ಹೊತ್ತು ಮಲಗಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಆ ಸದ್ದಿನ ಹಿಂದೆ ಒಂದು ಬೀಸು ಇದ್ದಿರಬೇಕೆಂದು ಒಮ್ಮೆಯೂ ಎದ್ದು ಹೋಗಿ ನೋಡಿರಲಿಲ್ಲ.

ವಿಡಿಯೊವನ್ನು ಕೋಚಿಗೆ ಕಳುಹಿಸಿದೆ. "ಟೆಂಪೋ ಸೂಪರ್. ಯಾರು ಸರ್ ಇವ್ರು, ಎಲ್ಲಿ ಕಲ್ತಿದ್ದು?" ಎಂದು ಉತ್ತರ ಬಂತು. ನನ್ನ ಬಗ್ಗೆ ಅವರು ಇದುವರೆಗೂ ಸೂಪರ್ ಎಂಬ ಪದ ಬಳಸಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಸಂಜೆಗೆ ಅಮ್ಮನ ಬಲಭುಜ ಹಿಡಿದುಕೊಂಡಿತು. ಮುಲಾಮು ಹಚ್ಚಿ ತಿಕ್ಕುತ್ತ ಕುಳಿತಾಗ, ಒಂದು ಬಕೆಟ್ ಚೆಂಡಿಗೆ ಎಷ್ಟು ಕೊಡುತ್ತೀಯೆಂದು ಕೇಳಿದರು. ನಾನು ಅರ್ಧ ಹೇಳಿದೆ. ಅವರು ಅದನ್ನೇ ಹೆಚ್ಚೆಂದು ತಿಳಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೊರಗೆ ವರಾಂಡದ ಕೊಳವೆಯ ಮೇಲೆ ಕೆಂಪಂಚಿನ ಟವೆಲ್ ಒಣಗುತ್ತಿತ್ತು. ಕೆಸರಿನ ಕಲೆ ಒಂದಿಷ್ಟೂ ಉಳಿದಿರಲಿಲ್ಲ. ಶನಿವಾರಕ್ಕೆ ಬೇಕಾಗುತ್ತದೆಂದು ತೆಗೆದಿಡಲು ಎದ್ದೆ.

"ಅದನ್ನ ಮುಟ್ಟಬೇಡ, ಒಳ್ಳೇ ಟವೆಲ್ಲು" ಎಂದರು ಅಮ್ಮ. "ಕಂಕುಳಿಗೆ ಬೇಕಾದ್ರೆ ನಿನ್ನ ಹಳೇ ಬನಿಯನ್ ಇದೆ, ಒರೆಸೋ ಬಟ್ಟೆ ಜೊತೆ ಇಟ್ಟಿದೀನಿ, ತಗೊಂಡ್ಹೋಗು."