ನಮ್ಮನೇಲಿ ಹಂಚು ನಾಲ್ಕು, ಕ್ಯಾಮೆರಾನೂ ನಾಲ್ಕು

ಮೆಕ್ಕೆಜೋಳದ ಸೀಸನ್ನಿನಲ್ಲಿ ಬೆಳಗ್ಗೆ ಏಳು ಗಂಟೆಗೆ ನಮ್ಮ ದಾವಣಗೆರೆ ಎಪಿಎಂಸಿ ಯಾರ್ಡಿಗೆ ಬಂದ್ರೆ ರಾಶಿಗಳ ಮೇಲೆ ಅಡ್ಡಡ್ಡ ಬಿಸಿಲು ಬಿದ್ದಿರುತ್ತೆ, ಹಮಾಲರು ಚೀಲ ಝಾಡಿಸಿದಾಗ ಎದ್ದ ಧೂಳೆಲ್ಲ ಬಂಗಾರದ ಬಣ್ಣ ಆಗಿಬಿಡುತ್ತೆ. ನಾನು ಅಲ್ಲೇ ಒಂದು ದಲಾಲಿ ಅಂಗಡೀಲಿ ಲೆಕ್ಕ ಬರೆಯೋನು, ಅಂಗಡಿ ತೆಗೆಯೋಕೆ ಮುಂಚೆ ಬಂದು ಒಂದಷ್ಟು ಫೋಟೋ ಹೊಡ್ಕೊಂಡು ಆಮೇಲೆ ಕುರ್ಚಿ ಮೇಲೆ ಕೂರ್ತೀನಿ. ಅವತ್ತು ಕುತ್ತಿಗೇಲಿ ಒಂದು, ಬಲಗಡೆ ಹೆಗಲಿಗೆ ಒಂದು, ಎರಡು ಕ್ಯಾಮೆರಾ ಇದ್ವು. ಜಗಳೂರು ಕಡೆಯಿಂದ ಮಾಲು ತಂದಿದ್ದ ಅಜ್ಜ ಒಬ್ರು ಚೀಲದ ಮೇಲೆ ಕೂತು ಬೀಡಿ ಸೇದ್ತಾ ನನ್ನನ್ನೇ ನೋಡ್ತಿದ್ರು. "ಅಲ್ರೀ, ಕೊಳ್ಳಿಗೆ ಎರಡೆರಡು ಕಟ್ಕಂಡೀರಲ್ಲ, ಒಂದರಾಗೆ ಬರಲ್ಲೇನು ಫೋಟ?" ಅಂದ್ರು. ಒಂದು ದೂರದ್ದಕ್ಕೆ, ಒಂದು ಹತ್ತಿರದ್ದಕ್ಕೆ ಅಂತ ನಾನು ಏನೋ ಹೇಳೋಕೆ ಹೋದೆ. ಅಜ್ಜ ಪೂರ್ತಿ ಕೇಳಲೇ ಇಲ್ಲ. "ಹ್ಞೂಂ ಬಿಡ್ರಿ, ಒಂಟೆತ್ತಿಗೆ ಗಳೇವು ಹೂಡಾಕೆ ಬರ್ತತಾ" ಅಂದು ಬೀಡಿ ಆರಿಸಿದ್ರು.

ಎಷ್ಟು ಖುಷಿಯಾಯ್ತು ಅಂದ್ರೆ ಆ ಮಾತನ್ನ ಹಂಗೇ ಕಟ್ಕೊಂಡು ಮನೆಗೆ ತಂದು ಹೆಂಡತಿ ಮುಂದೆ ಬಿಚ್ಚಿದೆ. ಅವಳು ಸೊಪ್ಪು ಸೋಸ್ತಿದ್ದೋಳು ತಲೆ ಎತ್ತದೇನೇ, "ಎತ್ತು ಎರಡಾದ್ರೆ ಸರಿ ರೀ, ನೀವು ಕೊಟ್ಟಿಗೇಲಿ ನಾಲ್ಕು ಕಟ್ಟಿದೀರಲ್ಲ, ಅದ್ರಲ್ಲಿ ಎರಡು ವರ್ಷಗಟ್ಲೆ ಬರೀ ಮೇಯ್ತಾ ಇದಾವೆ" ಅಂದ್ಲು.

ನಾಲ್ಕು ಅನ್ನೋದು ನಿಜ. ಒಂದು ಡಿ90, ಒಂದು ಡಿ750, ಒಂದು ಡಿ500, ಮತ್ತೆ ರೀಲ್ ಹಾಕೋ ಎಫ್ಎಂ10. ಎಲ್ಲಾ ನಿಕಾನೇ. ನಮ್ಮಪ್ಪನ ಕಾಲದ ಆಗ್ಫಾ ಕ್ಲಿಕ್ 3 ಒಂದಿದೆ, ಅದು ಆಟಕ್ಕುಂಟು ಲೆಕ್ಕಕ್ಕಿಲ್ಲ. ಆಟಕ್ಕೂ ಇಲ್ಲ ಬಿಡಿ, ಶೋಕೇಸಿನಲ್ಲಿ ಕೂತಿರುತ್ತೆ.

ಇಷ್ಟೊಂದು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಯಾಕೆ ಬೇಕು ಅಂತ ಫೋಟೋ ಹುಚ್ಚಿರೋ ಯಾರನ್ನಾದ್ರೂ ಕೇಳಿ, ಒಬ್ಬೊಬ್ರೂ ಅರ್ಧ ಗಂಟೆ ಕಾರಣ ಹೇಳ್ತಾರೆ, ಎಲ್ಲಾ ಕಾರಣಾನೂ ಕೊಂಡ ಮೇಲೆ ಹೊಳೆದಿದ್ದು. ಈ ರೋಗಕ್ಕೆ ಇಂಗ್ಲಿಷಿನಲ್ಲಿ ಗೇರ್ ಅಕ್ವಿಸಿಷನ್ ಸಿಂಡ್ರೋಮ್ ಅಂತ ಹೆಸರಿಟ್ಟಿದಾರೆ, ಚಿಕ್ಕದಾಗಿ ಗ್ಯಾಸ್. ನಮ್ಮೂರಲ್ಲಿ ಗ್ಯಾಸ್ ಅಂದ್ರೆ ಸಂಜೆ ಮಂಡಕ್ಕಿ ಜೊತೆ ನಾಲ್ಕು ಮಿರ್ಚಿ ತಿಂದಿದ್ದಕ್ಕೆ ರಾತ್ರಿ ಬರೋದು, ಅದಕ್ಕಾದ್ರೂ ಜೀರಿಗೆ ನೀರು ಇದೆ, ಇದಕ್ಕೆ ಅದೂ ಇಲ್ಲ.

ಹಿಂದಿನೋರಿಗೆ ಎರಡು ಬಾಡಿ ಇಟ್ಕೊಳ್ಳೋಕೆ ಸರಿಯಾದ ಕಾರಣ ಇತ್ತು. ರೀಲ್ ಒಂದ್ಸಲ ಹಾಕಿದ್ರೆ 36 ಫೋಟೋ ಮುಗಿಯೋ ತನಕ ಅದೇ ಗತಿ, ಬಿಸಿಲಿಗೆ ಅಂತ 100 ಸ್ಪೀಡಿನ, ಅಂದ್ರೆ ಬೆಳಕು ಜಾಸ್ತಿ ಬೇಡೋ ರೀಲ್ ಹಾಕಿದ್ರೆ ಸಂಜೆ ಗುಡಿ ಒಳಗೆ ಕೈ ಕಟ್ಕೊಂಡು ನಿಲ್ಲಬೇಕು, ಕಲರ್ ಹಾಕಿದ್ರೆ ಬ್ಲಾಕ್ ಅಂಡ್ ವೈಟ್ ಇಲ್ಲ. ಅದಕ್ಕೆ ಪೇಪರಿನೋರು ಒಂದರಲ್ಲಿ ಇದು ಒಂದರಲ್ಲಿ ಅದು ಅಂತ ಎರಡು ಹೊರ್ತಿದ್ರು. ಮನೆ ಮಂದಿ ಕ್ಯಾಮೆರಾದಲ್ಲಂತೂ ಒಂದೇ ರೀಲಿನಲ್ಲಿ ಗಣೇಶನ ಹಬ್ಬಾನೂ ಯುಗಾದೀನೂ ಒಟ್ಟಿಗೆ ಬರ್ತಿದ್ವು. ಈಗ ಆ ಸ್ಪೀಡು, ಐಎಸ್ಒ ಅನ್ನೋದು, ಹೆಬ್ಬೆರಳ ಹತ್ರ ಇರೋ ಗಾಲಿ, ತಿರುಗಿಸಿದ್ರೆ ಆಯ್ತು. ಅಂದ್ರೆ ಹಳೇ ಕಾರಣ ಸತ್ತು ಎಷ್ಟೋ ವರ್ಷ ಆಗಿದೆ, ಎರಡು ಬಾಡಿ ಮಾತ್ರ ಉಳ್ಕೊಂಡಿದಾವೆ.

ಮದುವೆ ಫೋಟೋಗ್ರಾಫರ್ ಎರಡು ಇಟ್ಕೊಂಡ್ರೆ ಯಾರೂ ಕೇಳಲ್ಲ, ಕೇಳಬಾರದು. ಅಕ್ಕಿಕಾಳು ಬೀಳೋ ಟೈಮಿಗೆ ಸರಿಯಾಗಿ ಕ್ಯಾಮೆರಾ ಕೈ ಕೊಟ್ರೆ ಇನ್ನೊಂದ್ಸಲ ತಾಳಿ ಕಟ್ರಿ ಅನ್ನೋಕಾಗುತ್ತಾ. (ಈಗಿನೋರು ಅದನ್ನೂ ಕೇಳ್ತಾರೆ, ಹುಡುಗನೂ ನಾಚಿಕೆ ಇಲ್ಲದೆ ಕಟ್ಟಿದ ತಾಳಿ ಹಿಡ್ಕೊಂಡು ಮೂರು ಪೋಸ್ ಕೊಡ್ತಾನೆ, ಇರಲಿ.) ನಾವು ಹವ್ಯಾಸದೋರು. ನಮ್ಮ ಕ್ಯಾಮೆರಾ ಕೆಟ್ರೆ ಯಾರ ಮದುವೇನೂ ನಿಲ್ಲಲ್ಲ, ಕುಂದವಾಡ ಕೆರೆ ನೀರುಕಾಗೆಗಳು ರೆಕ್ಕೆ ಒಣಗಿಸೋದು ಬಿಡಲ್ಲ. ಆದ್ರೂ ಬ್ಯಾಕಪ್ ಅನ್ನೋ ಮಾತು ನಮ್ಮ ಬಾಯಲ್ಲೇ ಜಾಸ್ತಿ.

ನನ್ನ ಎರಡನೇ ಬಾಡಿ ಹೆಂಗೆ ಎರಡನೇದಾಯ್ತು ಹೇಳ್ತೀನಿ. 2010ರಲ್ಲಿ ಡಿ90 ತಗೊಂಡೆ. 2008ರಲ್ಲಿ ಬಂದ ಕ್ಯಾಮೆರಾ ಅದು, ವಿಡಿಯೋ ತೆಗೆಯೋ ಮೊದಲ ಡಿಎಸ್ಎಲ್ಆರ್ ಅಂತ ಹೆಸರು, ಹನ್ನೆರಡು ಮೆಗಾಪಿಕ್ಸೆಲ್. 2016ರಲ್ಲಿ ಡಿ750ಗೆ ಮನಸು ಹೋಯ್ತು, ಹಳೇದು ಕೊಟ್ಟು ಹೊಸದು ತಗೋಳೋದು ಅಂತ ಮನೇಲಿ ಮಾತುಕತೆ ಆಗಿತ್ತು, ಅಂಗಡಿಯೋನು ಡಿ90ನ ತಿರುವಿ ಮುರುವಿ ನೋಡಿ ಹೇಳಿದ ರೇಟಿಗೆ ಒಂದು ಒಳ್ಳೆ ಟ್ರೈಪಾಡೂ ಬರ್ತಿರಲಿಲ್ಲ. ನಾನು ಲೆಕ್ಕದೋನು. ಯಂತ್ರಕ್ಕೆ ವರ್ಷಕ್ಕೆ 15 ಪರ್ಸೆಂಟ್ ಸವಕಳಿ ಹಾಕೋದು ನನ್ನ ಕೆಲಸ, ಉಳಿದಿದ್ರ ಮೇಲೆ 15, ಮತ್ತೆ ಉಳಿದಿದ್ರ ಮೇಲೆ 15. ಈ ಪದ್ಧತೀಲಿ ಒಂದು ಮಜಾ ಇದೆ, ಎಷ್ಟು ವರ್ಷ ಕಳೆದ್ರೂ ಪುಸ್ತಕದಲ್ಲಿ ಆ ಸಾಮಾನಿನ ಬೆಲೆ ಸೊನ್ನೆ ಆಗಲ್ಲ, ಸಣ್ಣದಾಗ್ತಾ ಆಗ್ತಾ ಎಲ್ಲೋ ಒಂದು ಚೂರು ಉಳಿದೇ ಇರುತ್ತೆ. ನನ್ನ ಪುಸ್ತಕದ ಡಿ90ಗೂ ಅಂಗಡಿಯೋನ ಡಿ90ಗೂ ಅಷ್ಟು ವ್ಯತ್ಯಾಸ. ಮಗಳ ನಾಮಕರಣ, ಸೂಳೆಕೆರೆ ದಂಡೆ ಮೇಲೆ ಅವಳು ಮೊದಲನೇ ಸಲ ಓಡಿದ್ದು, ಎಲ್ಲಾ ಅದ್ರಲ್ಲೇ ತೆಗ್ದಿದ್ದು. ಕೊಡಲಿಲ್ಲ. ಹೊಸದನ್ನೂ ಬಿಡಲಿಲ್ಲ. ಕಾರಲ್ಲಿ ಬರ್ತಾ ದಾರೀಲೇ ಬ್ಯಾಕಪ್ ಅನ್ನೋ ಪದ ಹೊಳೀತು.

ಆಮೇಲೆ ನಿಜವಾದ ಕಾರಣಾನೂ ಸಿಕ್ತು ಅನ್ನಿ, ಚಿತ್ರದುರ್ಗದ ಕೋಟೆ ಮೇಲೆ. ಆಷಾಢದ ಗಾಳಿ. ಸುತ್ತಲ ಗುಡ್ಡದ ಮೇಲೆಲ್ಲ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ ಅಂತ ಅವತ್ತು ಅರ್ಥ ಆಯ್ತು. ಡಿ750 ಒಂದೇ ಒಯ್ದಿದ್ದೆ, ಬಂಡೆಗಳಿಗೆ ಅಂತ ಅಗಲಕ್ಕೆ ಹಿಡಿಯೋ ವೈಡ್ ಲೆನ್ಸ್ ಹಾಕಿದ್ದೆ, ದೂರದ ಬುರುಜಿನ ಮೇಲೆ ಮಂಗವೊಂದು ಮರಿ ಕಟ್ಕೊಂಡು ಕೂತಿದ್ದು ಕಾಣಿಸ್ತು, ಗಾಳಿಗೆ ಬೆನ್ನು ಮಾಡಿ ಅಂಗಿ ಮರೆ ಮಾಡ್ಕೊಂಡು ಲೆನ್ಸ್ ಬದಲಾಯಿಸಿದೆ, ಅಷ್ಟರಲ್ಲಿ ಮಂಗ ಹೋಯ್ತು, ಮತ್ತೆ ವೈಡ್ ಹಾಕಿದೆ, ಮಂಗ ಬಂತು. ಹಿಂಗೇ ನಾಲ್ಕು ಸಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದ್ರೆ ಆಕಾಶದ ತುಂಬಾ ಬೂದು ಚುಕ್ಕೆ, ಮೊದಲು ಹದ್ದು ಅನ್ಕೊಂಡೆ, ಎಲ್ಲಾ ಫೋಟೋದಲ್ಲೂ ಅದೇ ಜಾಗದಲ್ಲಿ ಹಾರೋ ಹದ್ದು ಯಾವುದಪ್ಪ. ಸೆನ್ಸರ್, ಅಂದ್ರೆ ರೀಲಿನ ಜಾಗದಲ್ಲಿ ಬೆಳಕು ಹಿಡಿಯೋ ಚಿಪ್ಪು, ಅದ್ರ ಮೇಲೆ ಧೂಳು ಕೂತಿತ್ತು. ಬೆಳಕು ಬರೋ ಲೆನ್ಸಿನ ತೂತನ್ನ ಎಫ್ 16ರಷ್ಟು ಕಿರಿದು ಮಾಡಿ ಹೊಡೆದಾಗ ಒಂದು ಕಣ ಇದ್ರೂ ಎದ್ದು ಕಾಣುತ್ತೆ. ಅವತ್ತಿಂದ ಕೋಟೆಗೆ ಎರಡು ಬಾಡಿ, ಒಂದಕ್ಕೆ ವೈಡ್, ಒಂದಕ್ಕೆ ದೂರದ್ದನ್ನ ಹತ್ತಿರ ತರೋ ಟೆಲಿ, ಕಳಚೋ ಮಾತೇ ಇಲ್ಲ. ಒನಕೆ ಓಬವ್ವನ ಕಿಂಡೀಲಿ ತೂರೋವಾಗ ಮಾತ್ರ ಎರಡೂ ಬಂಡೆಗೆ ತಗುಲಿ ಟಕ್ ಟಕ್ ಅಂತಾವೆ, ನಾನೂ ಉಸಿರು ಹಿಡ್ಕೊಂಡು ಮೊದಲು ಕ್ಯಾಮೆರಾ ದಾಟಿಸಿ ಆಮೇಲೆ ಹೊಟ್ಟೆ ದಾಟಿಸ್ತೀನಿ. ಓಬವ್ವ ಈಗಲೂ ಅಲ್ಲಿ ಕಾಯ್ತಿದ್ರೆ ನಾನು ಮುಗಿದೆ.

ಮೂರನೇದು ಬಂದಿದ್ದು ಹಕ್ಕಿ ಹುಚ್ಚಿಂದ. ಕುಂದವಾಡ ಕೆರೇಲಿ ಕಪ್ಪು ಬಿಳುಪಿನ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡೀತಾ ನಿಂತು ಆಮೇಲೆ ಕಲ್ಲು ಬಿದ್ದಂಗೆ ಕೆಳಗೆ ಬೀಳುತ್ತಲ್ಲ, ಅದನ್ನ ಹಿಡೀಬೇಕು ಅಂದ್ರೆ ಸೆಕೆಂಡಿಗೆ ಹತ್ತು ಫೋಟೋ ಹೊಡೆಯೋ ಕ್ಯಾಮೆರಾ ಬೇಕು ಅಂತ ನನಗೆ ನಾನೇ ಹೇಳ್ಕೊಂಡು 2020ರಲ್ಲಿ ಸೆಕೆಂಡ್ ಹ್ಯಾಂಡ್ ಡಿ500 ತಂದೆ. ಅದ್ರ ಸೆನ್ಸರ್ ಚಿಕ್ಕದು, ಡಿ750ದು ರೀಲಿನಷ್ಟೇ ದೊಡ್ಡದು, 36ಕ್ಕೆ 24 ಮಿಲಿಮೀಟರ್. ಚಿಕ್ಕದಾದ್ರೆ ಏನು ಲಾಭ ಅಂದ್ರೆ, ಲೆನ್ಸ್ ಪೂರ್ತಿ ದೋಸೆ ಹುಯ್ದು ಕೊಡುತ್ತೆ, ಇದು ನಡುವೆ ಬೆಣ್ಣೆ ಬಿದ್ದಿರೋ ತುಂಡಷ್ಟೇ ಕತ್ತರಿಸ್ಕೊಳ್ಳುತ್ತೆ. ಹಂಗಾಗಿ 500 ಎಂಎಂ ಲೆನ್ಸು 750ರಷ್ಟು ಹತ್ತಿರ ತಂದಂಗೆ ಕಾಣುತ್ತೆ, ದೂರದ ಹಕ್ಕಿಗೆ ಒಳ್ಳೇದು. ಅದೇ ಕಾರಣಕ್ಕೆ ಕೋಟೆಯ ಇಕ್ಕಟ್ಟಿಗೆ ಕೆಟ್ಟದ್ದು, ಗೋಡೆ ಅರ್ಧ ಹೊರಗೇ ಉಳಿಯುತ್ತೆ. ಒಂದರ ಕೆಲಸ ಇನ್ನೊಂದಕ್ಕೆ ಬರಲ್ಲ. ಇದಿಷ್ಟು ಸುಳ್ಳಲ್ಲ.

ಸುಳ್ಳು ಇರೋದು ಇಲ್ಲಿ: ಆ ಮಿಂಚುಳ್ಳಿ ಇವತ್ತಿಗೂ ನನಗೆ ಸರಿಯಾಗಿ ಸಿಕ್ಕಿಲ್ಲ. ಸೆಕೆಂಡಿಗೆ ಹತ್ತರ ಹಂಗೆ ಬರೀ ನೀರಿನ ಫೋಟೋ ಸಾವಿರಾರು ಇದಾವೆ.

ನಾಲ್ಕನೇದು ಎಫ್ಎಂ10, ಅದಕ್ಕೆ ಕಾರಣ ಕೇಳಬೇಡಿ. ನನ್ನ ಹತ್ರ ಒಂದು ಹಳೇ 50 ಎಂಎಂ ಲೆನ್ಸ್ ಇತ್ತು, ಮೈಮೇಲೆ ಅಪರ್ಚರ್ ಬಳೆ, ಅಂದ್ರೆ ಆ ತೂತು ಹಿರಿದು ಕಿರಿದು ಮಾಡೋ ಬಳೆ ಇರೋದು, ಅದು ಈ ನಾಲ್ಕಕ್ಕೂ ಕೂರುತ್ತೆ. ಲೆನ್ಸ್ ಕೂರೋ ಬಾಯಿಗೆ ಮೌಂಟ್ ಅಂತಾರೆ, ನಿಕಾನಿನೋರು 1959ರಲ್ಲಿ ಮಾಡಿದ ಮೌಂಟ್‌ನೇ ಇವುಕ್ಕೂ ಇಟ್ಟಿದಾರೆ. ಲೆನ್ಸ್ ಅನ್ನೋದು ಹೊಲ, ಬಾಡಿ ಎತ್ತು, ಎತ್ತು ಮುದಿಯಾದ್ರೂ ಹೊಲ ಇರುತ್ತೆ ಅಂತಾರೆ ತಿಳಿದೋರು. ನಾನು ಆ ಒಂದು ಗುಂಟೆ ಹೊಲ ಇದೆಯಲ್ಲ ಅಂತ ಇನ್ನೊಂದು ಎತ್ತು ತಂದೋನು. ವರ್ಷಕ್ಕೆ ಒಂದು ರೀಲ್ ಮುಗಿದ್ರೆ ಹೆಚ್ಚು, ಅದನ್ನೂ ತೊಳೆಸೋಕೆ ಬೆಂಗಳೂರಿಗೆ ಕೊರಿಯರ್ ಮಾಡಬೇಕು.

ಇನ್ನು ಹಂಚಿನ ವಿಷಯ. ಒಂದಿನ ಹೆಂಡತಿ ತವರಿಗೆ ಹೋಗಿದ್ಲು, ದೋಸೆ ಹಿಟ್ಟು ಫ್ರಿಜ್ಜಿನಲ್ಲಿತ್ತು, ನಾನು ಕೈಗೆ ಸಿಕ್ಕ ಹಂಚು ಒಲೆ ಮೇಲಿಟ್ಟು ಹುಯ್ದೆ, ಅದು ರೊಟ್ಟಿ ಹಂಚು. ದೋಸೆ ಎಬ್ಬಿಸೋಕೆ ಹೋದ್ರೆ ಹಂಚೇ ಮೇಲೆ ಬರ್ತಿತ್ತು. ಅವಳು ವಾಪಸ್ ಬಂದು ನೋಡಿ ಕೂಗಾಡಿದ್ಲು, ರೊಟ್ಟಿ ಹಂಚಿಗೆ ನೀರು ಸವರಿ ಸವರಿ ಒಣಗಿರುತ್ತೆ, ದೋಸೆ ಹಂಚಿಗೆ ಎಣ್ಣೆ ಕುಡಿಸಿ ಕುಡಿಸಿ ಪಳಗಿಸಿರುತ್ತೆ, ಅದಕ್ಕೆ ಇದು ಇದಕ್ಕೆ ಅದು ಮಾಡಿದ್ರೆ ಎರಡೂ ಕೆಡ್ತಾವೆ, ಇಷ್ಟು ವರ್ಷ ತಿಂದೀರಿ ಇಷ್ಟೂ ಗೊತ್ತಿಲ್ವಾ ಅಂತ. ನಾನು ನಿಧಾನಕ್ಕೆ ಎಣಿಸಿದೆ, ದೋಸೆ ಹಂಚು, ರೊಟ್ಟಿ ಹಂಚು, ಪಡ್ಡಿನ ಹಂಚು, ಮತ್ತೆ ಚಪಾತಿಗೆ ಅಂತ ನಾನ್‌ಸ್ಟಿಕ್ಕು. ನಾಲ್ಕು. ಇದೇ ಕಣೆ ನಾನು ಇಷ್ಟು ದಿನ ಹೇಳ್ತಿರೋದು ಅಂತ ಎದ್ದು ನಿಂತೆ.

ಅವಳು ಒಂದು ಕ್ಷಣ ಸುಮ್ಮನಾದ್ಲು. ಗೆದ್ದೆ ಅನ್ಕೊಂಡೆ.

"ಹೌದು ರೀ. ನನ್ನ ಹಂಚಲ್ಲಿ ಮಾಡಿದ್ದನ್ನ ಮನೆ ಮಂದಿ ದಿನಾ ತಿಂತಾರೆ. ನಿಮ್ಮ ಕ್ಯಾಮೆರಾದಲ್ಲಿ ಮಾಡಿದ್ದನ್ನ ಯಾರು ತಿಂದಿದಾರೆ ಹೇಳಿ?"

ಎರಡು ಹಾರ್ಡ್ ಡಿಸ್ಕ್ ತುಂಬಿ ಮೂರನೇದು ನಡೀತಿದೆ, ಗೋಡೆ ಮೇಲೆ ನಾನು ತೆಗ್ದ ಫೋಟೋ ಒಂದೂ ಇಲ್ಲ. ಏನು ಹೇಳಲಿ.

ಒಂದೇ ಕ್ಯಾಮೆರಾ ಇದ್ದ ನಮ್ಮಪ್ಪನ ಕಾಲದಲ್ಲಿ ಹಂಗಿರಲಿಲ್ಲ. ಕ್ಲಿಕ್ 3ರಲ್ಲಿ ಒಂದು ರೀಲಿಗೆ ಹನ್ನೆರಡೇ ಫೋಟೋ, ಚೌಕದ್ದು. ಹನ್ನೆರಡನ್ನೂ ತೊಳೆಸಿ ಆಲ್ಬಮ್ಮಿಗೆ ಅಂಟಿಸ್ತಿದ್ದ, ನೆಂಟರು ಬಂದ್ರೆ ಕಾಫಿಗಿಂತ ಮುಂಚೆ ಆಲ್ಬಮ್ ಬರ್ತಿತ್ತು. ಆದ್ರೆ ಆ ಆಲ್ಬಮ್ಮಿನಲ್ಲಿ ಅಪ್ಪನೇ ಇಲ್ಲ. ಅವ್ವ ಇದಾಳೆ, ನಾವು ಮೂರು ಜನ ಮಕ್ಕಳು, ಅತ್ತೆ, ಎಮ್ಮೆ ಕೂಡಾ ಇದೆ. ಇರೋ ಒಂದು ಕ್ಯಾಮೆರಾ ಅವನ ಕೈಯಲ್ಲೇ ಇರ್ತಿತ್ತು, ಬೇರೆಯೋರಿಗೆ ಕೊಟ್ರೆ ಹಾಳು ಮಾಡ್ತಾರೆ ಅಂತ ಭಯ. ಬಿಸಿಲು ಬೆನ್ನಿಗಿರಬೇಕು ಅಂತ ಯಾರೋ ಹೇಳಿಕೊಟ್ಟಿದ್ರು ಅಂತ ಕಾಣುತ್ತೆ, ಅದನ್ನ ಚಾಚೂ ತಪ್ಪದೆ ಮಾಡ್ತಿದ್ದ, ಹಂಗಾಗಿ ಸಂಜೆ ತೆಗ್ದ ಫೋಟೋಗಳಲ್ಲಿ ನಮ್ಮ ಕಾಲ ಹತ್ರ ಒಂದು ಉದ್ದನೆ ನೆರಳು ಬಿದ್ದಿದೆ, ಎರಡು ಮೊಣಕೈ ಅಗಲಿಸ್ಕೊಂಡು. ಅಷ್ಟೇ ಅಪ್ಪ.

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ಹತ್ರ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಮು, ಅದಕ್ಕೂ ಮುಂಚೆ ಕೋಡಿ ಬಿದ್ದಿದ್ದು 1933ರಲ್ಲಿ, 89 ವರ್ಷ ಆಗಿತ್ತು. ಬರಗಾಲದ ಸೀಮೆ ಅಂತಲೇ ಹೆಸರಾದ ಕಡೆ ನೀರು ಹೆಚ್ಚಾಗಿ ಹೊರಗೆ ಹರೀತಿದೆ ಅಂದ್ರೆ ಯಾರು ಮನೇಲಿ ಕೂರ್ತಾರೆ, ಜನ ಜಾತ್ರೆ ಥರ ಬಂದಿದ್ರು, ಬುತ್ತಿ ಕಟ್ಕೊಂಡು. ನಾವೂ ಹೋದ್ವಿ. ನಾನು ಡಿ750, ಡಿ500 ಎರಡೂ ಕುತ್ತಿಗೆಗೆ ಹಾಕ್ಕೊಂಡು ಜನರ ಮಧ್ಯೆ ನುಗ್ಗಿ ಒಳ್ಳೆ ಜಾಗ ಹಿಡಿದು ಸ್ವಿಚ್ ಹಾಕಿದೆ. ಏನಿಲ್ಲ. ಇನ್ನೊಂದರ ಸ್ವಿಚ್ ಹಾಕಿದೆ. ಅದೂ ಇಲ್ಲ. ಎರಡಕ್ಕೂ ಒಂದೇ ಥರದ ಬ್ಯಾಟರಿ, ರಾತ್ರಿ ಎರಡನ್ನೂ ತೆಗೆದು ಚಾರ್ಜಿಗೆ ಹಾಕಿದ್ದು ನೆನಪಿದೆ, ವಾಪಸ್ ಹಾಕಿದ್ದು ನೆನಪಾಗಲಿಲ್ಲ ಯಾಕಂದ್ರೆ ಹಾಕಿರಲೇ ಇಲ್ಲ. ಬ್ಯಾಕಪ್ಪು, ಬ್ಯಾಕಪ್ಪಿನ ಬ್ಯಾಕಪ್ಪು, ಎರಡೂ ಒಟ್ಟಿಗೆ ಸತ್ತಿದ್ವು.

ಡಿ90ಯ ಬ್ಯಾಟರಿ ಬೇರೆ ಥರದ್ದು. ಆ ಕ್ಯಾಮೆರಾ ಮಗಳ ಸ್ಕೂಲ್ ಬ್ಯಾಗಿನಲ್ಲಿತ್ತು, ಎಲೆಗಳ ಫೋಟೋ ತೆಗೀಬೇಕು ಅಂತ ಯಾವುದೋ ಪ್ರಾಜೆಕ್ಟಿಗೆ ತಗೊಂಡಿದ್ಲು, ಆ ಬ್ಯಾಗು ಕಾರಲ್ಲಿತ್ತು. ನನಗೆ ಗೊತ್ತೇ ಇಲ್ಲ. ಅವಳು ಹೋಗಿ ತಂದು ಸುಮ್ಮನೆ ತೆಗೀತಾ ನಿಂತಿದ್ಲು, ನಾನು ಕೇಳಿದ್ರೂ ಕೊಡಲಿಲ್ಲ. "ಇರು ಪಪ್ಪಾ, ನಿನ್ಹತ್ರ ಎರಡಿದಾವಲ್ಲ" ಅಂದ್ಲು.

ಅವತ್ತಿನ ಒಂದು ಫೋಟೋನ ಹೆಂಡತಿ ನನಗೆ ಹೇಳದೇನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಿದ್ಲು. ನಮ್ಮ ನಡುಮನೇಲಿ ಟಿವಿ ಮೇಲಿದೆ. ಹಿಂದೆ ಕೋಡಿ ನೀರು ಬೆಳ್ಳಗೆ ಹಾಲಿನ ಥರ ಇಳೀತಿದೆ, ಸುತ್ತಲೂ ಇರೋ ಜನ ಎಲ್ಲಾ ನೀರು ನೋಡ್ತಾ ನಗ್ತಿದಾರೆ, ಮುಂದುಗಡೆ ನಾನೊಬ್ಬನೇ ನೀರಿಗೆ ಬೆನ್ನು ಹಾಕಿ, ಕುತ್ತಿಗೇಲಿ ಎರಡು ಕ್ಯಾಮೆರಾ ನೇತಾಡಿಸ್ಕೊಂಡು, ಬಗ್ಗಿ ಬ್ಯಾಗಿನ ಒಳಗೆ ಮೊಣಕೈ ತನಕ ಕೈ ಹಾಕಿದೀನಿ.

ಬಂದೋರೆಲ್ಲ ಕೇಳ್ತಾರೆ, ಏನು ಹುಡುಕ್ತಿದಾರೆ ಇವ್ರು ಅಂತ. ನಾನು ಬಾಯಿ ತೆಗೆಯೋಕೆ ಮುಂಚೆ ಅಡುಗೆಮನೆಯಿಂದ ಉತ್ತರ ಬರುತ್ತೆ.

"ಐದನೇದು."