ಗುಲಾಮ ಅನ್ನುವ ಬೈಗುಳ

ಫೇಸ್‌ಬುಕ್ಕಿನಲ್ಲಿ ಒಬ್ಬ ನಾಯಕನನ್ನು ಹೊಗಳಿ ಎರಡು ಸಾಲು ಬರೆದು ನೋಡಿ. ಎದುರು ಪಕ್ಷದವರು ‘ಗುಲಾಮ’ ಅಂತ ಬೈದುಕೊಂಡು ಬಂದೇ ಬರುತ್ತಾರೆ. ಹೀಗೆ ಬೈಯುವವರೇ ಭಜನೆಯಲ್ಲಿ ತಾಳ ಹಾಕಿಕೊಂಡು ‘ಗುರುವಿನ ಗುಲಾಮನಾಗುವ ತನಕ ದೊರೆಯದಣ್ಣ ಮುಕುತಿ’ ಅಂತ ಪುರಂದರದಾಸರ ಹಾಡು ಹಾಡುತ್ತಾರೆ. ಅಲ್ಲಿ ಯಾರಿಗೂ ಮುಜುಗರ ಆಗುವುದಿಲ್ಲ.

ಅರಬ್ಬಿಯಲ್ಲಿ ಗುಲಾಮ್ ಅಂದರೆ ಹುಡುಗ, ಸೇವೆಯ ಆಳು ಅಂತಲೂ ಅರ್ಥ. ನಮ್ಮಲ್ಲಿಗೆ ಬಂದ ಮೇಲೆ ಇಸ್ಪೀಟಿನಲ್ಲೂ ಜಾಗ ಹಿಡಿಯಿತು, ರಾಜ ರಾಣಿಯರ ಕೆಳಗೆ. (ಇಪ್ಪತ್ತೆಂಟರ ಆಟದಲ್ಲಿ ಮಾತ್ರ ಗುಲಾಮನೇ ಎಲ್ಲರಿಗಿಂತ ದೊಡ್ಡವನು. ಆ ಆಟ ಕಟ್ಟಿದವನು ಭಾರೀ ತುಂಟ ಇರಬೇಕು!)

ಪುರಂದರದಾಸರಿಗೆ ‘ದಾಸ’ ಅನ್ನುವ ಪದ ಹೆಸರಿನಲ್ಲೇ ಇತ್ತು. ಆದರೂ ಗುಲಾಮ ಅಂದರು. ಗುರುವಿಗೆ ಗುಲಾಮ ಚೆನ್ನಾಗಿ ಜೋಡಿಯಾಗುತ್ತದೆ, ಅದು ಸರಿ. ನನಗೆ ಅನ್ನಿಸುವ ಕಾರಣ ಇನ್ನೊಂದಿದೆ. ದಾಸ ಅಂದರೆ ಆಗಲೇ ಕೈಮುಗಿಸಿಕೊಳ್ಳುವ ಪದ ಆಗಿತ್ತು. ತಗ್ಗಿ ಹೇಳಬೇಕು ಅಂದರೆ ಅದಕ್ಕಿಂತ ಕೆಳಗಿನ ಪದ ಬೇಕಿತ್ತು. ಇದನ್ನು ಹೇಳಿದವರು ಯಾರು? ನವಕೋಟಿ ನಾರಾಯಣ ಅಂತ ಜನ ಕರೆಯುತ್ತಿದ್ದ ಸಾಹುಕಾರ.

ಬಸವಣ್ಣ ಇದಕ್ಕಿಂತ ಮುಂದೆ ಹೋದವರು. ಚೆನ್ನಯ್ಯನ ಮನೆಯ ದಾಸನ ಮಗ, ಕಕ್ಕಯ್ಯನ ಮನೆಯ ದಾಸಿಯ ಮಗಳು, ಇಬ್ಬರೂ ಹೊಲಕ್ಕೆ ಬೆರಣಿಗೆ ಹೋದಾಗ ಕೂಡಿದರು, ಅವರಿಗೆ ಹುಟ್ಟಿದವನು ನಾನು ಅನ್ನುತ್ತಾರೆ ಒಂದು ವಚನದಲ್ಲಿ. ಚೆನ್ನಯ್ಯ ಮಾದಾರ, ಕಕ್ಕಯ್ಯ ಡೋಹಾರ, ಇಬ್ಬರೂ ಚರ್ಮದ ಕೆಲಸದ ಜಾತಿಗಳಿಂದ ಬಂದ ಶರಣರು. ಹೇಳುತ್ತಿರುವವರು ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ, ಬಿಜ್ಜಳನ ಆಸ್ಥಾನದಲ್ಲಿ ದೊಡ್ಡ ಅಧಿಕಾರದಲ್ಲಿದ್ದವರು. ದಾಸ ಅಂದುಕೊಂಡಿದ್ದರೆ ಸಾಕಿತ್ತು, ಅಲ್ವಾ? ಅವರು ತಮ್ಮ ಹುಟ್ಟನ್ನೇ ಬದಲಾಯಿಸಿಕೊಂಡರು. ಅದೂ ಯಾರ ಮುಂದೆ ತಗ್ಗಿದರು ನೋಡಿ. ಚೆನ್ನಯ್ಯ, ಕಕ್ಕಯ್ಯ ಪದವಿ ಕೊಡುವವರಲ್ಲ, ಭೂಮಿ ಕೊಡುವವರಲ್ಲ. ಇದೇ ಬಸವಣ್ಣ ‘ಶರಣನಾರಿಗಂಜುವನಲ್ಲ’ ಅಂತಲೂ ಹೇಳಿದ್ದಾರೆ. ಎರಡೂ ಒಂದೇ ಬಾಯಿಂದ ಬರಬಹುದು. ಲಾಭದ ಆಸೆಗೆ ಹಲ್ಲುಗಿಂಜುವವನಿಗೆ ಎರಡನೆಯದು ಬಾಯಿಗೇ ಬರುವುದಿಲ್ಲ.

ಹಾಗಂತ ಎಲ್ಲರೂ ಸುಮ್ನೆ ಈ ಪದ ಎತ್ತಿಕೊಂಡು ಆಡಬಹುದು ಅಂತ ನಾನು ಹೇಳಲಾರೆ. ಸಾಹುಕಾರ, ಮಂತ್ರಿ ತಮ್ಮನ್ನು ಆಳು ಅಂತ ಕರೆದುಕೊಂಡರೆ ಅದು ಅವರ ಆಯ್ಕೆ. ಅಪ್ಪ ಮಾಡಿದ ಸಾಲಕ್ಕೆ ಜೀತಕ್ಕೆ ಬಿದ್ದ ಹುಡುಗನಿಗೆ ಆಯ್ಕೆ ಎಲ್ಲಿತ್ತು? ಜೀತ ರದ್ದು ಮಾಡುವ ಕಾನೂನು ಈ ದೇಶಕ್ಕೆ ಬಂದದ್ದೇ 1976ರಲ್ಲಿ. ‘ದಮ್ಮಯ್ಯ, ಬಿಟ್ಟುಬಿಡಿ’ ಅಂತ ಧಣಿಯ ಕಾಲು ಹಿಡಿದವನಲ್ಲಿ ಭಕ್ತಿ ಹುಡುಕುವುದು ಕ್ರೂರ.

ಇಷ್ಟೆಲ್ಲ ಯೋಚನೆ ಬಂದ ಮೇಲೆ ಫೇಸ್‌ಬುಕ್ಕಿನ ‘ಗುಲಾಮ’ ನನಗೆ ಬರೀ ಸೋಮಾರಿ ಬೈಗುಳವಾಗಿ ಕಾಣುತ್ತದೆ. ಒಬ್ಬನಿಗೆ ಒಬ್ಬ ನಾಯಕ ಇಷ್ಟ ಆದರೆ ಅದು ಗುಲಾಮಗಿರಿ ಹೇಗಾಗುತ್ತದೆ? ಆ ನಾಯಕ ತಪ್ಪು ಮಾಡಿದಾಗ ಅವನು ಏನು ಬರೆಯುತ್ತಾನೆ ಅಂತ ನೋಡಿ, ಆಮೇಲೆ ಬೇಕಾದರೆ ಬೈಯಿರಿ.